ಕರಿ ಕಂಬಳಿಯ ಕುರಿ ಎಲ್ಲಿ ಹೋಯ್ತು?

ಮಾರ್ಕೆಟ್ ಯಾರ್ಡಿನ ಭುಸಾರ್ ಬಜಾರಿನಲ್ಲಿ ಮಳೆ ಹಿಡಿಯಿತೆಂದರೆ ಅರ್ಧ ಕೆಲಸ ನಿಂತ ಹಾಗೆ. ಲಾರಿಯ ತಾಡಪತ್ರಿ ಬಿಚ್ಚುವಂತಿಲ್ಲ, ಬೇಳೆ ಚೀಲ ಇಳಿಸುವಂತಿಲ್ಲ. ಹಮಾಲರೆಲ್ಲ ಗಾಳೆಯ ಮುಂದಿನ ಕಟ್ಟೆ ಮೇಲೆ ಸಾಲಾಗಿ ಕೂತು ಅರ್ಧರ್ಧ ಚಹಾ ಕುಡಿಯುತ್ತಾರೆ. ಕಳೆದ ಜುಲೈನ ಅಂಥ ಒಂದು ಮಧ್ಯಾಹ್ನ ನಾನು ರೋಕಡ ವಹಿ ಮುಚ್ಚಿಟ್ಟು ಹೊರಗೆ ಬಂದೆ. ಎಲ್ಲರ ಮೈಮೇಲೂ ಪ್ಲಾಸ್ಟಿಕ್ ಹಾಳೆ. ಒಬ್ಬನ ತಲೆ ಮೇಲೆ ಮಾತ್ರ ಕರಿ ಕಂಬಳಿಯ ಕೊಪ್ಪೆ.

ಅವನು ಜತ್ತ ತಾಲೂಕಿನವನು. ಅಂಗಡಿಯಲ್ಲಿ ಎಲ್ಲರೆದುರು ನನ್ನನ್ನು "ದಿವಾಣಜೀ" ಅಂತಾನೆ, ಕನ್ನಡಕ್ಕೆ ಇಳಿದರೆ "ಕಾಕಾ".

"ತಮ್ಮಾ, ಇದನ್ನ ಎಲ್ಲಿ ತಗೊಂಡಿ?"

"ತಗೊಳ್ಳೂದು ಎಲ್ಲಿಂದ ಕಾಕಾ, ನಮ್ಮಜ್ಜಂದಿದು. ಈಗ ಇಂಥಾದ್ದು ಯಾರು ನೇಯ್ತಾರ? ಕುರೀನ ಇಲ್ಲ."

ಜತ್ತ ತಾಲೂಕಿನಲ್ಲಿ ಕುರಿ ಇಲ್ಲ ಅಂದರೆ ಮಾರ್ಕೆಟ್ ಯಾರ್ಡಿನಲ್ಲಿ ಗೋಣಿಚೀಲ ಇಲ್ಲ ಅಂದ ಹಾಗೆ. ನಗು ಬಂತು. ಅವನೇ ತಿದ್ದಿದ. "ಅದಾವು... ಬಿಳೇವು ಅದಾವು, ಕೆಂಪಾನವು ಅದಾವು, ಮೂಗು ಬಾಗಿದ ಮಡಗ್ಯಾಳ ಅದಾವು. ಕರೇವು ಇಲ್ಲ ನೋಡ್ರಿ."

ಆ ರಾತ್ರಿ ನಿದ್ದೆ ಸರಿ ಬರಲಿಲ್ಲ. ನಮ್ಮದೂ ಕುರುಬರ ಮನೆ. ಜಮಖಂಡಿ ಕಡೆಯವರು, ಉಣ್ಣೆಕಂಕಣದವರು. (ಹತ್ತಿಕಂಕಣದವರು ಮದುವೆಯಲ್ಲಿ ಹತ್ತಿ ದಾರದ ಕಂಕಣ ಕಟ್ಟುತ್ತಾರೆ, ನಾವು ಉಣ್ಣೆಯದು. ಊರು ಬಿಟ್ಟು ನಲವತ್ತು ವರ್ಷವಾಗುತ್ತ ಬಂದ ನನ್ನಂಥವನಿಗೆ ಇದನ್ನು ಬ್ರಾಕೆಟ್ಟಿನಲ್ಲಿ ಹೇಳಬೇಕಾಗಿ ಬಂದಿದೆ!) ನಾನು 1986ರಲ್ಲಿ ಪುಣೆಗೆ ಬಂದಾಗ ಅವ್ವ ಕೊಟ್ಟ ಗಂಟಿನಲ್ಲಿ ಅಪ್ಪನ ಕಂಬಳಿ ಇತ್ತು. ಎಷ್ಟೋ ಮಳೆಗಾಲ ಕಂಡು ನುಸಿ ತಿಂದು ಹೋಯಿತು. ಹೊಸದೊಂದು ತಗೊಳ್ಳೋಣ ಅಂತ ಹುಡುಕಿದರೆ ಅಂಗಡಿಗಳಲ್ಲಿ ಸಿಕ್ಕಿದ್ದೆಲ್ಲ ಪಾಣಿಪತ್ತಿನ ಮಾಲು, ಹಳೆ ಸ್ವೆಟರುಗಳನ್ನು ಹರಿದು ಮತ್ತೆ ನೂಲು ಮಾಡಿ ನೇಯ್ದದ್ದು. ಮೂಸಿದರೆ ಕುರಿ ವಾಸನೆ ಇಲ್ಲ, ಪೆಟ್ರೋಲ್ ಪಂಪಿನ ವಾಸನೆ.

ಕರಿ ಕುರಿಯ ಹುಡುಕಾಟ ಶುರುವಾದದ್ದು ಹೀಗೆ. ಹುಡುಕುತ್ತಾ ಹೋದಂತೆ ಪುಣೆಗೂ ಕುರಿಗೂ ಇರುವ ನಂಟು ನೋಡಿ ಬೆರಗಾದೆ.

ಮೊದಲು ಹಳೆಯದರಿಂದ ಬರೋಣ. ಪುಣೆ ಜಿಲ್ಲೆಯ ಶಿರೂರು ತಾಲೂಕಿನಲ್ಲಿ ಇನಾಮಗಾಂವ್ ಅಂತ ಊರಿದೆ. ಇಲ್ಲಿನ ಡೆಕ್ಕನ್ ಕಾಲೇಜಿನವರು 1968ರಿಂದ 1983ರವರೆಗೆ ಅಲ್ಲಿ ಅಗೆದರು. ಕ್ರಿಸ್ತಪೂರ್ವ 1600ರಿಂದ 700ರ ಆಸುಪಾಸಿನವರೆಗೆ ಜನ ವಾಸವಿದ್ದ ಜಾಗ. ಮೊದಮೊದಲು ಒಳ್ಳೆಯ ಚೌಕ ಮನೆ, ನೀರಿನ ಕಾಲುವೆ, ಬೇಸಾಯ. ಕ್ರಿಸ್ತಪೂರ್ವ 1000ದ ನಂತರ ಮನೆಗಳು ಸಣ್ಣ ಗುಂಡು ಗುಡಿಸಲುಗಳಾಗುತ್ತವೆ. ಮಳೆ ಕಡಿಮೆಯಾಗಿ ಬೇಸಾಯ ಸೋತಾಗ ಈ ಜನ ಕುರಿ ಮೇಕೆ ಹಿಡಿದು ಅರೆ ಅಲೆಮಾರಿಗಳಾದರು ಅಂತ ಅಗೆತ ನಡೆಸಿದ ಎಂ. ಕೆ. ಧವಳೀಕರ್ ವಾದಿಸಿದರು. ಬರ ಬಂದರೆ ಹೊಲ ಬಿಟ್ಟು ಕುರಿ ಹಿಂದೆ ನಡೆಯುವುದು ಮೂರು ಸಾವಿರ ವರ್ಷದ ಹಳೇ ಉಪಾಯ ಅಂದಹಾಗಾಯಿತು. ನಮ್ಮ ಕಾಲದ ಉಪಾಯ ಪುಣೆ ಪ್ಯಾಸೆಂಜರ್ ಹತ್ತುವುದು, ಅಷ್ಟೇ ವ್ಯತ್ಯಾಸ.

ಈ ಒಣ ಸೀಮೆಗೆ ಹೊಂದಿಕೊಂಡು ಬೆಳೆದ ಕುರಿಯೇ ದಖ್ಖನಿ. ಸಾತಾರಾ, ಸೊಲ್ಲಾಪುರ, ಸಾಂಗ್ಲಿಯಿಂದ ಹಿಡಿದು ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕಲಬುರಗಿ ದಾಟಿ ತೆಲಂಗಾಣದವರೆಗೆ ಇದರ ರಾಜ್ಯ. ಇದು ಒಂದೇ ಅಚ್ಚಿನ ಕುರಿಯಲ್ಲ. ಮಹಾರಾಷ್ಟ್ರದಲ್ಲೇ ಲೋಣಂದ, ಸಂಗಮನೇರ, ಸೊಲ್ಲಾಪುರ, ಕೊಲ್ಹಾಪುರ, ಮಡಗ್ಯಾಳ ಅಂತ ಊರಿಗೊಂದು ಬಗೆ ಹೇಳುತ್ತಾರೆ. ಬಣ್ಣ, ಉಣ್ಣೆ, ಮೂಗು ಎಲ್ಲ ಬೇರೆ ಬೇರೆ. ಮೇಯಿಸುವವರನ್ನು ಅಲ್ಲಿ ಧನಗರ ಅಂತಾರೆ, ಇಲ್ಲಿ ಕುರುಬ, ಅತ್ತ ಕುರುಮ. ಆದರೆ ದೇವರು ಮಾತ್ರ ಗಡಿ ನೋಡಿದವನಲ್ಲ. ಅವರ ಬಿರೋಬಾ ನಮ್ಮ ಬೀರಪ್ಪ. ಅವರ ಖಂಡೋಬಾ ನಮ್ಮ ಮೈಲಾರಲಿಂಗ. ಜರ್ಮನಿಯ ಗುಂಥರ್ ಸೊಂಥೈಮರ್ ಎಂಬ ವಿದ್ವಾಂಸರು ವರ್ಷಗಟ್ಟಲೆ ಪುಣೆಯಲ್ಲಿದ್ದು ಧನಗರರ ಹಟ್ಟಿಗಳಲ್ಲಿ ಕೂತು ಅವರ ಓವಿಗಳನ್ನು ದಾಖಲಿಸಿ, ಈ ದೇವರುಗಳೆಲ್ಲ ಕುರಿ ಮಂದೆಯ ಜೊತೆಗೇ ಕರ್ನಾಟಕದ ಕಡೆಯಿಂದ ನಡೆದು ಬಂದ ದಾರಿಗಳನ್ನು ತೋರಿಸಿದರು. ಹಟಕರ್ ಧನಗರ ಅನ್ನುವಾಗ ನಮಗೆ ಹಟ್ಟಿಕಾರ ನೆನಪಾಗದೆ ಇರುತ್ತದೆಯೇ?

ನಮ್ಮ ಗಾಳೆಯಲ್ಲಿ ಸಾಂಗ್ಲಿಯ ಅರಿಶಿನವನ್ನೂ ತಿಪಟೂರಿನ ಕೊಬ್ಬರಿಯನ್ನೂ ಇಷ್ಟು ವರ್ಷ ತೂಗಿಸಿ ಬರೆದಿದ್ದೇನೆ. ಜೇಜುರಿಯಲ್ಲಿ ಎರಚುವ ಭಂಡಾರ ಅದೇ ಅರಿಶಿನ. ಆದರೆ ಕೊಲ್ಹಾಪುರ ಜಿಲ್ಲೆಯ ಪಟ್ಟಣಕೋಡೋಲಿಯ ವಿಠ್ಠಲ ಬೀರದೇವರ ಜಾತ್ರೆಯಲ್ಲಿ ಭಂಡಾರ, ಕೊಬ್ಬರಿ, ಒಣ ಖರ್ಜೂರದ ಜೊತೆ ಕುರಿಯ ಉಣ್ಣೆಯನ್ನೂ ಎರಚುತ್ತಾರೆ. ಅರಿಶಿನಕ್ಕೂ ಕೊಬ್ಬರಿಗೂ ದಿನದ ಭಾವ ಇದೆ, ಬೋರ್ಡಿನ ಮೇಲೆ ಬರೆಯುತ್ತಾರೆ. ಉಣ್ಣೆಗೆ ಇಲ್ಲ.

ಅದ್ಯಾಕೆ ಇಲ್ಲ ಅನ್ನುವುದೇ ಈ ಕಥೆಯ ತಿರುಳು.

ದಖ್ಖನಿಯ ಉಣ್ಣೆ ಒರಟು. ಒಂದು ಕುರಿಯಿಂದ ವರ್ಷಕ್ಕೆ ಒಂದು ಕಿಲೋ ಸಹ ಬರುವುದಿಲ್ಲ. ಮುಟ್ಟಿದರೆ ಚುಚ್ಚುತ್ತೆ, ಸ್ವೆಟರಿಗೆ ಆಗದು. ಆದರೆ ಕಂಬಳಿಗೆ ಬೇಕಾದದ್ದೇ ಅದು. ನಮ್ಮೂರಲ್ಲಿ ಗಂಡಸರು ಉಣ್ಣೆ ಕತ್ತರಿಸಿ ಬಿಲ್ಲು ಮೀಟಿ ಹಿಂಜುತ್ತಿದ್ದರು, ಹೆಂಗಸರು ನೂಲುತ್ತಿದ್ದರು. ಹುಣಸೆ ಬೀಜ ಬೇಯಿಸಿ ಮಾಡಿದ ಗಂಜಿಯನ್ನು ನೂಲಿಗೆ ಎಳೆದು ಕುಣಿಮಗ್ಗದಲ್ಲಿ ನೇಯ್ದರೆ ಹಲಗೆಯಂಥ ಕಂಬಳಿ. ಕೂದಲಿನಂಥ ದಪ್ಪ ಎಳೆಗಳಿದ್ದುದರಿಂದಲೇ ಅದರ ಮೇಲೆ ಬಿದ್ದ ಮಳೆ ಜಾರಿ ಹೋಗುತ್ತಿತ್ತು. ಕರಿ ಬಣ್ಣ ಕುರಿಯದ್ದೇ, ತೊಳೆದರೆ ಬಿಡುವ ಬಣ್ಣವಲ್ಲ. ಹಾಸಿದರೆ ಹಾಸಿಗೆ, ಹೊದ್ದರೆ ಕೊಪ್ಪೆ, ಮಡಿಸಿ ಇಟ್ಟರೆ ದೇವರ ಗದ್ದುಗೆ. ನಮ್ಮಜ್ಜ ತೀರಿಕೊಂಡಾಗ ಮಲಗಿಸಿದ್ದೂ ಅದರ ಮೇಲೇ.

ಸರ್ಕಾರಗಳ ಕಣ್ಣಿಗೆ ಈ ಒರಟುತನವೇ ದೋಷವಾಗಿ ಕಂಡಿತು. ಇದು ಇವತ್ತಿನದಲ್ಲ. ಮೈಸೂರು ಸೀಮೆಯಲ್ಲಿ ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದ ಕಾಲದಲ್ಲೇ ಮೆರಿನೋ ಟಗರು ತರಿಸಿ ನಾಡ ಕುರಿಯನ್ನು "ಸುಧಾರಿಸುವ" ಪ್ರಯತ್ನ ನಡೆದಿತ್ತು. ಸ್ವಾತಂತ್ರ್ಯದ ನಂತರ ಇದು ಯೋಜನೆಯಾಯಿತು. 1962ರಲ್ಲಿ ರಾಜಸ್ಥಾನದ ಅವಿಕಾನಗರದಲ್ಲಿ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ ಬಂತು. ನಯ ಉಣ್ಣೆಯನ್ನು ವಿದೇಶದಿಂದ ತರಿಸಬೇಕಿತ್ತು, ಸೈನ್ಯಕ್ಕೂ ಗಿರಣಿಗಳಿಗೂ ಅದು ಬೇಕಿತ್ತು. ಆದ್ದರಿಂದ ಮೆರಿನೋ, ರಾಂಬುಯೆ ಟಗರುಗಳನ್ನು ಇಲ್ಲಿನ ಕುರಿಗಳಿಗೆ ಬಿಡುವುದು. ಲೆಕ್ಕ ಮೂರ್ಖತನದ್ದೇನೂ ಅಲ್ಲ. ತಪ್ಪಿದ್ದು ಯಾರ ಕುರಿ, ಯಾತಕ್ಕೆ ಸಾಕುತ್ತಾನೆ ಅಂತ ಕೇಳದೆ ಇದ್ದದ್ದರಲ್ಲಿ.

ರಾಂಬುಯೆಯದ್ದೇ ಒಂದು ತಮಾಷೆ ಕೇಳಿ. 1786ರಲ್ಲಿ ಫ್ರಾನ್ಸಿನ ರಾಜ ಹದಿನಾರನೇ ಲೂಯಿ ಸ್ಪೇನಿನಿಂದ ಮೆರಿನೋ ಕುರಿಗಳನ್ನು ತರಿಸಿ ರಾಂಬುಯೆ ಎಂಬಲ್ಲಿ ಮಂದೆ ಕಟ್ಟಿಸಿದ. ರಾಜನ ತಲೆ ಹೋಯಿತು, ಮಂದೆ ಉಳಿಯಿತು. ಅಂದಿನಿಂದ ಇಂದಿನವರೆಗೆ ಆ ಮಂದೆಗೆ ಹೊರಗಿನ ಒಂದು ಟಗರನ್ನೂ ಸೇರಿಸದೆ ಫ್ರೆಂಚರು ಕಾಪಾಡಿಕೊಂಡಿದ್ದಾರೆ. ಅವರ ತಳಿ ಅಷ್ಟು ಜತನ, ನಮ್ಮದು ಬೆರಕೆಯಾದರೆ ಪ್ರಗತಿ!

ಈಗ ನಮ್ಮ ಮನೆಯ ವಿಷಯ. 1972ರ ಬರದಲ್ಲಿ ಅಜ್ಜನ ಮಂದೆಯಲ್ಲಿ ಅರ್ಧಕ್ಕರ್ಧ ಹೋಗಿ ಉಳಿದದ್ದು ನಲವತ್ತರ ಮೇಲೆ ಕೆಲವು ಕುರಿ, ಎರಡು ಕರಿ ಟಗರು. ನಾನು ಐದು ವರ್ಷದವನು, ಆದರೂ ಒಣಗಿದ ಹಳ್ಳದಲ್ಲಿ ಜಾಲಿ ಕಾಯಿ ಉದುರಿಸಿ ತಿನ್ನಿಸುತ್ತಿದ್ದದ್ದು ನೆನಪಿದೆ. ಎಂಬತ್ತರ ಆಸುಪಾಸಿನಲ್ಲಿ ಕಾಕಾನಿಗೆ ಒಂದು ಸ್ಕೀಮಿನಲ್ಲಿ ಮಿಶ್ರತಳಿಯ ಟಗರು ಸಿಕ್ಕಿತು. ಯಾವ ಕಚೇರಿ, ಯಾವ ಬ್ಯಾಂಕು ಅನ್ನೋದು ಈಗ ಬೇಡ. ಕೊಟ್ಟವರ ಷರತ್ತು ಒಂದೇ, ಮಂದೆಯಲ್ಲಿ ನಾಟಿ ಟಗರು ಇರಕೂಡದು. ಅಜ್ಜನ ಎರಡೂ ಟಗರಿನ ಬೀಜ ಒಡೆಸಿದರು. ಅಜ್ಜ ಅವತ್ತು ಊಟ ಮಾಡಲಿಲ್ಲ ಅಂತ ಅವ್ವ ಹೇಳುತ್ತಿದ್ದಳು.

ಮೊದಲ ವರ್ಷದ ಮರಿಗಳು ಭಾರಿ ಗಾತ್ರ, ನೋಡಲು ಚೆಂದ. ಕಾಕಾ ಊರೆಲ್ಲ ತೋರಿಸಿಕೊಂಡು ತಿರುಗಿದ. ಆಮೇಲೆ ಶುರುವಾಯಿತು. ದಟ್ಟ ಉಣ್ಣೆಗೆ ಮುಳ್ಳು, ಉಮ್ಮತ್ತಿ ಕಾಯಿ ಎಲ್ಲ ಸಿಕ್ಕಿಕೊಳ್ಳುವುದು. ಎರೆ ಹೊಲದ ಕೆಸರಲ್ಲಿ ಗೊರಸು ಕೊಳೆಯುವುದು. ನಮ್ಮ ಕುರಿ ಹತ್ತು ಮೈಲಿ ನಡೆದರೂ ಸುಮ್ಮನಿರುತ್ತಿತ್ತು, ಇವು ಮಧ್ಯಾಹ್ನಕ್ಕೇ ನೆರಳು ಹುಡುಕಿ ಕೂರುವುದು. ಉಣ್ಣೆ ತಗೊಂಡು ನೇಕಾರರ ಮನೆಗೆ ಹೋದರೆ ಅವರು ಕೈಯಲ್ಲಿ ಹಿಸುಕಿ, "ಇದು ಉಣ್ಣಿ ಅಲ್ಲೋ ಮಾರಾಯಾ, ಹತ್ತಿ" ಅಂತ ವಾಪಸ್ ಕೊಟ್ಟರು. ಗಿರಣಿಯವರಿಗೆ ಮಾರೋಣವೆಂದರೆ ಇಷ್ಟು ಚೂರು ಉಣ್ಣೆಗೆ ಯಾವ ಗಿರಣಿ ಬರುತ್ತೆ? ಕೊನೆಗೆ ಒಂದು ಮಳೆಗಾಲ ನೀಲಿನಾಲಿಗೆ ರೋಗ ಬಂತು. ನುಸಿಯಿಂದ ಹರಡುವ ರೋಗ ಇದು. ಭಾರತದಲ್ಲಿ ಮೊದಲು ವರದಿಯಾದದ್ದು 1964ರಲ್ಲಿ, ಇದೇ ಮಹಾರಾಷ್ಟ್ರದಲ್ಲಿ. ನಾಟಿ ಕುರಿಗೂ ಬರುತ್ತದೆ, ಸುಳ್ಳು ಹೇಳಬಾರದು. ಆದರೆ ಹೊರತಳಿಗೂ ಮಿಶ್ರತಳಿಗೂ ಇದರ ಹೊಡೆತ ಜಾಸ್ತಿ. ಕಾಕಾ ಉಳಿದದ್ದನ್ನು ಮಾರಿ ಸಾಲ ತೀರಿಸಿದ. ನಮ್ಮ ಮನೆಯ ಕರಿ ಟಗರಿನ ಸಂತಾನ ಅಲ್ಲಿಗೆ ಮುಗಿಯಿತು. ಕೆಲವು ವರ್ಷಕ್ಕೆ ನಾನು ಪುಣೆ ಗಾಡಿ ಹತ್ತಿದೆ.

ಇಂಥ ನಷ್ಟ ಯಾವ ಗಣತಿಯಲ್ಲೂ ಕಾಣುವುದಿಲ್ಲ. 2012ರಲ್ಲಿ ಕರ್ನಾಟಕದಲ್ಲಿ 95 ಲಕ್ಷ ಚಿಲ್ಲರೆ ಕುರಿಗಳಿದ್ದವು, 2019ರ ಗಣತಿಗೆ ಅದು 1 ಕೋಟಿ 11 ಲಕ್ಷ. ತೆಲಂಗಾಣದಲ್ಲಿ 1 ಕೋಟಿ 28 ಲಕ್ಷ ಇದ್ದದ್ದು 1 ಕೋಟಿ 91 ಲಕ್ಷವಾಗಿ ದೇಶಕ್ಕೇ ಮೊದಲ ಸ್ಥಾನ. 2017ರಲ್ಲಿ ಅಲ್ಲಿನ ಸರ್ಕಾರ ಒಂದೊಂದು ಕುಟುಂಬಕ್ಕೆ 20 ಕುರಿ, 1 ಟಗರು ಹಂಚಿತ್ತಲ್ಲ, ಅದರ ಫಲ. ಸಂತೋಷವೇ. ಆದರೆ ಅಲ್ಲಿ ಮೊದಲಿನಿಂದಲೂ ದಖ್ಖನಿಯ ಜಾಗವನ್ನು ಉಣ್ಣೆಯಿಲ್ಲದ, ಮಾಂಸಕ್ಕೆ ಬೆಲೆ ಬರುವ ನೆಲ್ಲೂರು ಕುರಿ ಆಕ್ರಮಿಸುತ್ತಾ ಬಂದಿತ್ತು. ತಲೆ ಎಣಿಸಿದರೆ ಏರಿಕೆ, ತಳಿ ಎಣಿಸಿದರೆ ಇಳಿಕೆ. ಹನ್ನೆರಡು ಜಾತಿಯ ಜೋಳ ಮಾರುತ್ತಿದ್ದ ಅಂಗಡಿಯಲ್ಲಿ ಈಗ ಒಂದೇ ಜೋಳದ ದೊಡ್ಡ ರಾಶಿ ಇದ್ದ ಹಾಗೆ. ವಹಿಯಲ್ಲಿ ಲಾಭವೇ ಕಾಣುತ್ತೆ.

ಲೆಕ್ಕದವನಾದ್ದರಿಂದ ಇನ್ನೊಂದು ಲೆಕ್ಕ ಹೇಳಿಬಿಡುತ್ತೇನೆ. ಮಂದೆಯಲ್ಲಿ ನೂರು ಹೆಣ್ಣು ಕುರಿ, ನಾಲ್ಕು ಟಗರು ಇವೆ ಅನ್ನಿ. ನೂರಾನಾಲ್ಕು ಪ್ರಾಣಿಗಳ ರಕ್ತ ಮುಂದಕ್ಕೆ ಹೋಗುತ್ತದೆ ಅಂತ ನಾವು ತಿಳಿಯುತ್ತೇವೆ. ತಳಿಶಾಸ್ತ್ರದವರು ಹಾಗೆ ಎಣಿಸುವುದಿಲ್ಲ. ಗಂಡು, ಹೆಣ್ಣುಗಳ ಸಂಖ್ಯೆ ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಎರಡರ ಮೊತ್ತದಿಂದ ಭಾಗಿಸುತ್ತಾರೆ. 1600ನ್ನು 104ರಿಂದ ಭಾಗಿಸಿದರೆ ಹದಿನೈದು ಚಿಲ್ಲರೆ. ಅಂದರೆ ನೂರಾನಾಲ್ಕರ ಮಂದೆ ಹದಿನೈದು ಪ್ರಾಣಿಗಳ ಮಂದೆಯಷ್ಟೇ ಬೇಗ ಒಳಸಂಬಂಧಕ್ಕೆ ಸಿಕ್ಕಿಕೊಳ್ಳುತ್ತದೆ. ಟಗರು ಒಂದೇ ಆದರೆ ಈ ಅಂಕಿ ನಾಲ್ಕಕ್ಕೂ ಕೆಳಗೆ. ಆಮೇಲೆ ಮರಿ ಸೊರಗುವುದು, ಹೊಸ ರೋಗಕ್ಕೆ ಇಡೀ ಮಂದೆ ಒಟ್ಟಿಗೇ ಬೀಳುವುದು. ಹಳೆ ಕುರುಬರು ಎರಡು ಮೂರು ವರ್ಷಕ್ಕೊಮ್ಮೆ ದೂರದ ಬೀಗರ ಮಂದೆಯೊಡನೆ ಟಗರು ಬದಲಾಯಿಸಿಕೊಳ್ಳುತ್ತಿದ್ದರು. ಜಾತ್ರೆಗಳಲ್ಲಿ ಹೆಣ್ಣು ಗಂಡು ನೋಡಿದಂತೆ ಟಗರು ನೋಡುವುದೂ ನಡೆಯುತ್ತಿತ್ತು.

ಈ ದೃಷ್ಟಿಯಿಂದ ಮಡಗ್ಯಾಳ ಕುರಿಯ ಈಗಿನ ವೈಭವ ನೋಡಿದರೆ ನನಗೆ ಸ್ವಲ್ಪ ಭಯ. ಜತ್ತ ತಾಲೂಕಿನ ಕನ್ನಡ ಮಾತಾಡುವ ಊರಿನ ಕುರಿ, ಎತ್ತರದ ಆಳು, ಗಿಣಿಯಂತೆ ಬಾಗಿದ ಮೂಗು. 2020ರಲ್ಲಿ ಆಟಪಾಡಿ ಬಜಾರಿನಲ್ಲಿ "ಸರ್ಜಾ" ಎಂಬ ಟಗರನ್ನು 70 ಲಕ್ಷಕ್ಕೆ ಕೇಳಿದರೂ ಒಡೆಯ ಕೊಡಲಿಲ್ಲವೆಂದು ಪೇಪರಿನಲ್ಲೆಲ್ಲ ಬಂತು. ಎಲ್ಲರಿಗೂ ಅದೇ ಮೂಗು ಬೇಕು, ಅಂಥದ್ದೇ ನಾಲ್ಕಾರು ಟಗರಿನ ಮರಿ ಬೇಕು. ಬೆಲೆ ಬಂದ ತಳಿ ಉಳಿಯಿತು ಅನ್ನುವುದು ನಿಜ. ಅದೇ ಬೆಲೆ ಅದನ್ನು ಕೆಲವೇ ಟಗರುಗಳ ಸಂತಾನವಾಗಿಸೀತು ಅನ್ನುವುದೂ ಅಷ್ಟೇ ನಿಜ. ಮಹಾರಾಷ್ಟ್ರ ಸರ್ಕಾರದ ಕುರಿ ಮೇಕೆ ಮಹಾಮಂಡಳ ಸಾಂಗ್ಲಿ ಜಿಲ್ಲೆಯ ರಾಂಜಣಿಯ ತನ್ನ ಫಾರ್ಮಿನಲ್ಲಿ ಈ ಕುರಿಗಳನ್ನು ಸಾಕುತ್ತದೆ. ಆ ಮಹಾಮಂಡಳದ ಮುಖ್ಯ ಕಚೇರಿ ಎಲ್ಲಿದೆ ಗೊತ್ತೇ? ನಮ್ಮ ಪುಣೆಯ ಗೋಖಲೆನಗರದಲ್ಲಿ. ಆ ಜಾಗವನ್ನು ಇವತ್ತಿಗೂ "ಮೇಂಢಿ ಫಾರ್ಮ್" ಅಂತಲೇ ಕರೆಯುತ್ತಾರೆ. ಎಷ್ಟೋ ಸಲ ಅದರ ಮುಂದೆ ಬಸ್ಸಿನಲ್ಲಿ ಹೋಗಿದ್ದೇನೆ, ಒಂದು ದಿನವೂ ಇಳಿದಿರಲಿಲ್ಲ.

ಹಾಗೆಯೇ ಇನ್ನೊಂದು ಸಂಗತಿ. ದೇಶದ ಪಶು ತಳಿಗಳನ್ನು ನೋಂದಾಯಿಸಿ ಕಾಪಾಡುವ ರಾಷ್ಟ್ರೀಯ ಬ್ಯೂರೋ ಹರಿಯಾಣದ ಕರ್ನಾಲಿನಲ್ಲಿದೆ. ಅದು 1984ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ, ಮರುವರ್ಷ ಕರ್ನಾಲಿಗೆ ಹೋಯಿತು. ವಲಸೆ ಹೋಗುವುದು ನಾವಷ್ಟೇ ಅಲ್ಲ ನೋಡಿ. ಅವರ ಪಟ್ಟಿಯಲ್ಲಿ ಬಳ್ಳಾರಿ, ಹಾಸನ, ಕೆಂಗುರಿ, ಮಂಡ್ಯ ಅಂದರೆ ಬನ್ನೂರು, ಮತ್ತು ದಖ್ಖನಿ ಇವೆ. ಪಟ್ಟಿಯಲ್ಲಿರುವುದಕ್ಕೂ ಹಟ್ಟಿಯಲ್ಲಿರುವುದಕ್ಕೂ ವ್ಯತ್ಯಾಸ ಇದೆ, ಅದು ಬೇರೆ ಮಾತು.

ನಾಡ ತಳಿಯೊಳಗೆ ಏನೇನು ಅಡಗಿರುತ್ತೆ ಅನ್ನುವುದಕ್ಕೆ ಒಂದು ಒಳ್ಳೆಯ ಕಥೆ ಫಲಟಣದಲ್ಲಿದೆ. ಪುಣೆಯಿಂದ ನೂರು ಕಿಲೋಮೀಟರಿನ ಆಸುಪಾಸು. ಅಲ್ಲಿ ಬಿ. ವಿ. ನಿಂಬಕರ್ 1968ರಲ್ಲಿ ಕಟ್ಟಿದ ಕೃಷಿ ಸಂಶೋಧನಾ ಸಂಸ್ಥೆ ಇದೆ. ದಖ್ಖನಿ ಕುರಿ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಬಂಗಾಳದ ಸುಂದರಬನದಲ್ಲಿ ಗರೋಲ್ ಅಂತ ಮೊಣಕಾಲೆತ್ತರದ ಪುಟ್ಟ ಕುರಿ, ಅದು ಎರಡು ಮೂರು ಮರಿ ಹಾಕುತ್ತದೆ. ಅತ್ತ ಆಸ್ಟ್ರೇಲಿಯಾದಲ್ಲಿ ಬೂರೂಲ ಎಂಬ ಮೆರಿನೋ ಮಂದೆಯೂ ಹೀಗೇ ಅವಳಿ ತ್ರಿವಳಿ ಹಾಕುತ್ತಿತ್ತು. ಎಲ್ಲಿಂದ ಬಂತು ಈ ಗುಣ ಅಂತ ಹೆಲೆನ್ ನ್ಯೂಟನ್ ಟರ್ನರ್ ಎಂಬ ವಿಜ್ಞಾನಿ ಹಳೆ ಕಾಗದಗಳನ್ನು ಕೆದಕಿದರೆ, 1792, 93ರಲ್ಲಿ ಕಲ್ಕತ್ತೆಯಿಂದ ಹಡಗಿನಲ್ಲಿ ಹೋದ ಬಂಗಾಳದ ಕುರಿಗಳ ಸುಳಿವು ಸಿಕ್ಕಿತು. 2001ರಲ್ಲಿ ಆ ವಂಶವಾಹಿಯ ಬದಲಾವಣೆ ಯಾವುದೆಂದು ಪ್ರಯೋಗಾಲಯಗಳಲ್ಲಿ ಪತ್ತೆಯಾಯಿತು. ಗರೋಲಿನಲ್ಲೂ ಬೂರೂಲದಲ್ಲೂ ಅದೇ. ಫಲಟಣದವರು ಗರೋಲಿನ ಆ ಒಂದು ಗುಣವನ್ನು ದಖ್ಖನಿಗೆ ತಂದು, ಪೀಳಿಗೆ ಪೀಳಿಗೆ ರಕ್ತ ಪರೀಕ್ಷೆ ಮಾಡಿ, "ನಾರಿ ಸುವರ್ಣ" ಕುರಿ ಮಾಡಿದರು. ಅದರಲ್ಲಿ ನಮ್ಮ ಬನ್ನೂರಿನ ರಕ್ತವೂ ಇದೆ. ಈ ಬಗ್ಗೆ 2008ರ ನವೆಂಬರಿನಲ್ಲಿ ಪುಣೆಯಲ್ಲೇ ಅಂತರರಾಷ್ಟ್ರೀಯ ಸಭೆ ನಡೆದಿತ್ತು. ಅವತ್ತು ನಾನು ಪ್ರಾಯಶಃ ಇಲ್ಲೇ ತೊಗರಿ ಬೇಳೆ ತೂಗಿಸುತ್ತಿದ್ದೆ.

ಇದೂ ಬೆರಕೆಯೇ ಅಲ್ಲವೇ ಅಂತ ನೀವು ಕೇಳಬಹುದು. ಹೌದು. ಆದರೆ ಬೇರೆ ಥರದ್ದು. ಕುರಿಗಾರನ ಮೇವು, ನಡಿಗೆ ನೋಡಿ ಒಂದು ಗುಣ ಸೇರಿಸುವುದು ಬೇರೆ, ಇಡೀ ಕುರಿಯನ್ನೇ ಬದಲಾಯಿಸುವುದು ಬೇರೆ. ಅದಕ್ಕಿಂತ ಮುಖ್ಯ, ಹದಿಮೂರು ಹದಿನಾಲ್ಕು ಕಿಲೋ ತೂಗುವ, ಯಾರೂ ಕೇಳದ ಗರೋಲನ್ನು ಸುಂದರಬನದ ಬಡವರು ಸಾಕಿಕೊಂಡು ಬರದೇ ಇದ್ದಿದ್ದರೆ ತರುವುದಕ್ಕೆ ಏನಿತ್ತು? ಇಂಗ್ಲೆಂಡಿನವರಿಗೂ ಈ ಭಯ ಹುಟ್ಟಿದ್ದು ತಡವಾಗಿಯೇ. 2001ರ ಕಾಲುಬಾಯಿ ರೋಗದಲ್ಲಿ ಲಕ್ಷಗಟ್ಟಲೆ ಪ್ರಾಣಿಗಳನ್ನು ಕೊಲ್ಲುವಾಗ, ಒಂದೇ ಗುಡ್ಡಗಾಡಿನಲ್ಲಿ ಒತ್ತೊತ್ತಾಗಿದ್ದ ಹರ್ಡ್‌ವಿಕ್ ಕುರಿ ಪೂರ್ತಿ ಅಳಿದೀತೆಂದು ಗಾಬರಿಯಾಗಿ ವೀರ್ಯ, ಭ್ರೂಣಗಳನ್ನು ಶೀತಲದಲ್ಲಿ ಇಟ್ಟರು.

ವೀರ್ಯ ಫ್ರಿಜ್ಜಿನಲ್ಲಿಡಬಹುದು. ಉಣ್ಣೆ? ಈಗ ಕುರಿಗಾರ ಉಣ್ಣೆ ಕತ್ತರಿಸುವವನಿಗೆ ಕೈಯಿಂದ ದುಡ್ಡು ಕೊಡುತ್ತಾನೆ, ಕತ್ತರಿಸಿದ್ದನ್ನು ಹೊಲದ ಬದುವಿನಲ್ಲೇ ಬಿಟ್ಟು ಹೋಗುತ್ತಾನೆ. ಅಂದಮೇಲೆ ಉಣ್ಣೆಯ ಕುರಿ ಯಾಕೆ ಸಾಕುತ್ತಾನೆ? ಸಭೆಗಳಲ್ಲಿ ಮಂತ್ರಿಗಳಿಗೆ ಕಂಬಳಿ ಹೊದಿಸಿ, ಕೈಗೆ ಕೋಲು ಕೊಟ್ಟು ಸನ್ಮಾನ ಮಾಡುವ ಫೋಟೋ ನೋಡಿದಾಗೆಲ್ಲ ನನ್ನ ಕಣ್ಣು ಮಂತ್ರಿಯ ಮೇಲಲ್ಲ, ಕಂಬಳಿಯ ಮೇಲಿರುತ್ತೆ. ಪಾಣಿಪತ್ತಿನದೋ ಅಲ್ಲವೋ ಅಂತ.

ದೀಪಾವಳಿಗೆ ನಮ್ಮ ಹಮಾಲ ಹುಲಜಂತಿಯ ಮಹಾಳಿಂಗರಾಯನ ಜಾತ್ರೆಗೆ ಹೋಗಿದ್ದ. ಬಂದವನು ಮೊದಲು ನನಗೆ ಭಂಡಾರ ಹಚ್ಚಿ, ಆಮೇಲೆ ಮೆಲ್ಲಗೆ ಹೇಳಿದ. "ಕಾಕಾ, ಕರೇವು ಅದಾವು."

ಅವನ ಅತ್ತೆಯ ಊರಲ್ಲಿ ಒಬ್ಬ ಮುದುಕ ಹನ್ನೊಂದು ಕರಿ ಕುರಿ ಉಳಿಸಿಕೊಂಡಿದ್ದಾನಂತೆ. ದೇವರ ಗದ್ದುಗೆಗೆ ಪ್ರತಿವರ್ಷ ಕಂಬಳಿ ಕೊಡುವ ಹರಕೆ ಅವರ ಮನೆಯದು, ಅದಕ್ಕೆ. ಟಗರು ಒಂದೇ, ಅದೂ ಅದೇ ಮಂದೆಯಲ್ಲಿ ಹುಟ್ಟಿದ್ದು. ಎರಡು ವರ್ಷದಿಂದ ಮರಿಗಳು ಕುಳ್ಳಗಾಗುತ್ತಿವೆ, ಕೆಲವು ಕಣ್ಣು ಬಿಡುವ ಮೊದಲೇ ಸಾಯುತ್ತಿವೆ. ದೂರದ ಕರಿ ಟಗರು ಎಲ್ಲಾದರೂ ಸಿಕ್ಕೀತೇ ಅಂತ ಮುದುಕ ಕೇಳಿ ಕಳಿಸಿದ್ದಾನೆ. "ಪುಣೇದಾಗ ದೊಡ್ಡ ಮಾರ್ಕೆಟ್ಟು ಐತಿ, ಅಲ್ಲಿ ಎಲ್ಲಾ ಸಿಗತೈತಿ ಅಂದಾನ್ರಿ," ಅಂತ ಇವನು ನಕ್ಕ.

ಮರು ಸೋಮವಾರ ಅರ್ಧ ದಿನ ರಜೆ ಹಾಕಿ ಗೋಖಲೆನಗರದ ಸ್ಟಾಪಿನಲ್ಲಿ ಇಳಿದೆ. ಗೇಟಿನ ಹತ್ತಿರ ಒಬ್ಬರು ಪೂರ್ತಿ ಕೇಳಿಸಿಕೊಂಡು, ಸಾಂಗೋಲೆ ಸಂತೆಗೆ ಬರುವ ಹಳೆ ಧನಗರರನ್ನು ಕೇಳಿ, ಮಾಣದೇಶದ ಕಡೆ ಕರಿ ಮಂದೆ ಇನ್ನೂ ಒಂದೆರಡು ಇರಬಹುದು ಅಂದರು. ಮುಂದಿನ ಭಾನುವಾರ ನಾನೂ ಅವನೂ ಹೋಗುತ್ತಿದ್ದೇವೆ. ಟೆಂಪೋ ಬಾಡಿಗೆ ನನ್ನದು, ಟಗರಿನ ಹಲ್ಲು ನೋಡುವ ಕೆಲಸ ಅವನದು. ನಿಮ್ಮ ಊರ ಕಡೆ, ನಿಮ್ಮ ಬೀಗರ ಮಂದೆಯಲ್ಲಿ, ಬೆರಕೆಯಾಗದ ಕರಿ ಟಗರು ಇದ್ದರೆ ತಿಳಿಸಿ. ಮಾರದಿದ್ದರೂ ಪರವಾಗಿಲ್ಲ, ಒಂದು ಹಂಗಾಮಿಗೆ ಬದಲಿ ಕೊಟ್ಟರೂ ಸಾಕು ಅಂದಿದ್ದಾನೆ ಮುದುಕ.